ಮುಟ್ಟಿ ನೋಡುವ ಮನೆ: ಎಲಿಜಬೆತ್ ಫಾರ್ಮ್‌ಗೆ ಹೋಗುವುದು ಹೇಗೆ, ನೋಡುವುದು ಹೇಗೆ

ವಸ್ತುಸಂಗ್ರಹಾಲಯಕ್ಕೆ ಕಾಲಿಟ್ಟೊಡನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದನ್ನು ನಾವು ಶಾಲಾ ಪ್ರವಾಸದ ದಿನಗಳಲ್ಲೇ ಕಲಿತಿರುತ್ತೇವೆ. ‘ಮುಟ್ಟಬೇಡಿ’ ಎಂಬ ಫಲಕ, ಅಡ್ಡಕ್ಕೆ ಕಟ್ಟಿದ ಹಗ್ಗ, ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಲೇ ಎಲ್ಲರ ಮೇಲೂ ಕಣ್ಣಿಟ್ಟಿರುವ ಕಾವಲುಗಾರ, ಈ ಮೂರೂ ಇಲ್ಲದ ಸಂಗ್ರಹಾಲಯವನ್ನು ನಾನು ಕಂಡದ್ದು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ. ಸಿಡ್ನಿಯ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು 23 ಕಿಲೊಮೀಟರ್ ದೂರದಲ್ಲಿರುವ ಪ್ಯಾರಮಟ್ಟಾಕ್ಕೆ ಅಂಟಿಕೊಂಡ ರೋಸ್‌ಹಿಲ್‌ನಲ್ಲಿ ಎಲಿಜಬೆತ್ ಫಾರ್ಮ್ ಎಂಬ ಮನೆಯಿದೆ. 1793ರಲ್ಲಿ ಆರಂಭವಾದ ಈ ಮನೆಯೊಳಗೆ, ಯುರೋಪಿನಿಂದ ಬಂದವರು ಆಸ್ಟ್ರೇಲಿಯಾದಲ್ಲಿ ಕಟ್ಟಿದ ಮನೆಗಳ ಪೈಕಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಗೋಡೆಗಳಿವೆ. ಆದರೂ ಇಲ್ಲಿ ಕುರ್ಚಿಯ ಮೇಲೆ ಕೂರಬಹುದು, ಮಂಚದ ಮೇಲೆ ಒರಗಬಹುದು, ಮೇಜಿನ ಖಾನೆಯನ್ನು ಎಳೆದು ನೋಡಬಹುದು. ಊರಿನಿಂದ ಬಂದ ತಂದೆತಾಯಿಯರನ್ನು ಆಪೆರಾ ಹೌಸ್‌ನ ಮುಂದೆ ನಿಲ್ಲಿಸಿ ಫೋಟೊ ತೆಗೆದಾದ ಮೇಲೆ ಮುಂದೇನು ಎಂದು ಯೋಚಿಸುವ ಇಲ್ಲಿನ ಕನ್ನಡಿಗರಿಗೆ ನಾನು ಮೊದಲು ಸೂಚಿಸುವ ಜಾಗ ಇದೇ.

ಹೊರಡುವ ಮುನ್ನ

ಮನೆ ವಾರದ ಏಳೂ ದಿನ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಶಾಲಾ ಮಕ್ಕಳ ತಂಡಗಳೂ ಇಲ್ಲಿಗೆ ಪಾಠಕ್ಕೆಂದು ಬರುತ್ತವೆ. ಆದ್ದರಿಂದ ಇದನ್ನು ನಡೆಸುವ ಮ್ಯೂಸಿಯಮ್ಸ್ ಆಫ್ ಹಿಸ್ಟರಿ ನ್ಯೂ ಸೌತ್ ವೇಲ್ಸ್ ಸಂಸ್ಥೆಯ ಜಾಲತಾಣದಲ್ಲಿ ದಿನ ಮತ್ತು ಸಮಯವನ್ನು ನೋಡಿಕೊಂಡೇ ಹೊರಡಬೇಕು. ಎರಡು ಗಂಟೆಯನ್ನಾದರೂ ಮೀಸಲಿಡಿ; ಅರ್ಧ ಗಂಟೆಯಲ್ಲಿ ಎಲ್ಲ ಕೋಣೆಗಳನ್ನೂ ಸುತ್ತಿ ಹೊರಬರಬಹುದಾದರೂ ಹಾಗೆ ಬಂದವರು ಕುರ್ಚಿ, ಮೇಜುಗಳನ್ನಷ್ಟೇ ನೋಡಿರುತ್ತಾರೆ.

ಮನೆಯವರ ಕತೆಯನ್ನು ಸ್ವಲ್ಪ ತಿಳಿದು ಹೋದರೆ ಕೋಣೆಗಳು ಮಾತನಾಡುತ್ತವೆ. ಸೇನಾಧಿಕಾರಿ ಜಾನ್ ಮ್ಯಾಕಾರ್ಥರ್ 1790ರಲ್ಲಿ ಹೆಂಡತಿ ಎಲಿಜಬೆತ್‌ಳೊಡನೆ ಇಂಗ್ಲೆಂಡಿನಿಂದ ಇಲ್ಲಿಗೆ ಬಂದವನು. 1793ರಲ್ಲಿ ಅವನಿಗೆ 100 ಎಕರೆ ಭೂಮಿ ಮಂಜೂರಾಯಿತು. ಅವನು ಅದಕ್ಕೆ ಹೆಂಡತಿಯ ಹೆಸರಿಟ್ಟ. ಜಗಳಗಂಟನಾಗಿದ್ದ ಅವನು ತನ್ನ ಮೇಲಧಿಕಾರಿಯೊಡನೆ ದ್ವಂದ್ವಯುದ್ಧ ಮಾಡಿ 1801ರಲ್ಲಿ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟು 1805ರಲ್ಲಿ ಮರಳಿದ. 1808ರ ಜನವರಿ 26ರಂದು ಇಲ್ಲಿನ ಬ್ರಿಟಿಷ್ ವಸಾಹತಿನ ಗವರ್ನರ್ ಬ್ಲೈಯನ್ನು ಪದಚ್ಯುತಗೊಳಿಸಿದ ದಂಗೆಯ ಹಿಂದೆಯೂ ಅವನಿದ್ದ. ಅದರ ಫಲವಾಗಿ 1809ರಿಂದ 1817ರವರೆಗೆ ಮತ್ತೆ ದೇಶದಿಂದ ದೂರ ಉಳಿಯಬೇಕಾಯಿತು. ಈ ಹನ್ನೆರಡು ವರ್ಷ ಮಕ್ಕಳನ್ನೂ ಕುರಿಮಂದೆಗಳನ್ನೂ ಕೂಲಿಯಾಳುಗಳನ್ನೂ ಲೆಕ್ಕಪತ್ರಗಳನ್ನೂ ನಿಭಾಯಿಸಿದವಳು ಎಲಿಜಬೆತ್. ಆಸ್ಟ್ರೇಲಿಯಾದ ಉಣ್ಣೆ ಉದ್ಯಮದ ಜನಕ ಎಂಬ ಕೀರ್ತಿ ಮಾತ್ರ ಗಂಡನಿಗೆ ಸಂದಿತು. 1966ರಿಂದ 1988ರವರೆಗೆ ಚಲಾವಣೆಯಲ್ಲಿದ್ದ ಎರಡು ಡಾಲರ್ ನೋಟಿನ ಮೇಲೆ ಟಗರಿನ ಪಕ್ಕದಲ್ಲಿ ಅಚ್ಚಾಗಿದ್ದುದು ಅವನ ಮುಖ. ಮನೆಯನ್ನು ನೋಡುವಾಗ ನೋಟಿನ ಮೇಲಿದ್ದವನನ್ನು ಬದಿಗಿಟ್ಟು, ಹೆಸರಿನಲ್ಲಿರುವವಳ ಹಿಂದೆ ನಡೆಯುವುದು ಮೇಲು.

ದಾರಿ

ರೈಲಿನಲ್ಲಿ ಬರುವವರು ಹ್ಯಾರಿಸ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಲಿಸ್ ಸ್ಟ್ರೀಟ್‌ನತ್ತ ನಡೆದರೆ ಕಾಲು ಗಂಟೆಯ ಹಾದಿ. ಹ್ಯಾರಿಸ್ ಪಾರ್ಕ್ ಎಂದರೆ ನಮ್ಮವರಿಗೆ ಪರಿಚಯ ಹೇಳಬೇಕಿಲ್ಲ. ವಿಗ್ರಾಮ್ ಸ್ಟ್ರೀಟ್‌ನ ದೋಸೆಯ ವಾಸನೆಗೆ ಮನಸೋತು ಮೊದಲು ಊಟಕ್ಕೆ ಕುಳಿತವರು ಮಧ್ಯಾಹ್ನದ ಮೇಲೆ ಆಕಳಿಸುತ್ತ ಮನೆ ತಲುಪುತ್ತಾರಾದ್ದರಿಂದ ಊಟವನ್ನು ವಾಪಸಾಗುವಾಗ ಇಟ್ಟುಕೊಳ್ಳುವುದು ಒಳ್ಳೆಯದು. ಸಮಯವಿದ್ದರೆ ಸಿಡ್ನಿಯ ನಡುಭಾಗದ ದೋಣಿ ನಿಲ್ದಾಣವಾದ ಸರ್ಕ್ಯುಲರ್ ಕೀಯಿಂದ ದೋಣಿಯಲ್ಲಿ ಪ್ಯಾರಮಟ್ಟಾ ನದಿಯ ಮೇಲೆಯೇ ಬರಬಹುದು. ಆರಂಭದ ದಿನಗಳಲ್ಲಿ ವಲಸಿಗರು ಸಿಡ್ನಿಗೂ ಪ್ಯಾರಮಟ್ಟಾಕ್ಕೂ ನಡುವೆ ಓಡಾಡುತ್ತಿದ್ದ ಜಲಮಾರ್ಗವೂ ಇದೇ.

ಮೊದಲು ಜಗಲಿ

ಮುಂಬಾಗಿಲಿಗೆ ನೇರವಾಗಿ ನಡೆಯದೆ, ತೋಟದಲ್ಲಿ ಹತ್ತು ಹೆಜ್ಜೆ ಹಿಂದೆ ನಿಂತು ಮಾಡನ್ನು ನೋಡಬೇಕು. ಮೊದಲು ಕಟ್ಟಿದ್ದು 68 ಅಡಿ ಉದ್ದ, 18 ಅಡಿ ಅಗಲದ, ನಾಲ್ಕು ಕೋಣೆಗಳ ಇಟ್ಟಿಗೆಯ ಮನೆ, ಅಂದರೆ ಇಂಗ್ಲೆಂಡಿನ ಹಳ್ಳಿಮನೆಯ ಮಾದರಿ. ಇಲ್ಲಿನ ಬೇಸಿಗೆಯ ಬಿಸಿಲು ಅದಕ್ಕೆ ಹೊಂದುವಂಥದ್ದಲ್ಲ. ಮುಂದೆ ಮಾಡು ಕೆಳಕ್ಕಿಳಿದು ಅಗಲವಾದ ವರಾಂಡಾದ ಮೇಲೆ ಚಾಚಿಕೊಂಡಿತು; ಈಗ ಮನೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಂತೆ ಕಾಣುತ್ತದೆ. ವರಾಂಡಾ ಎಂಬ ಪದ ಇಂಗ್ಲಿಷಿಗೆ ಹೋದದ್ದೇ ಭಾರತದಿಂದ. ಮಲೆನಾಡಿನ ಜಗಲಿಯಲ್ಲಿ ಬೆಳೆದ ನನ್ನ ತಾಯಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಒಳಗೆ ಚಪ್ಪಲಿ ಹಾಕಿಕೊಂಡೇ ಹೋಗಬಹುದೆಂದು ಸಿಬ್ಬಂದಿ ನಕ್ಕು ಹೇಳಿದ ಮೇಲೂ ಒಪ್ಪದೆ, ನೆರಳಿನಲ್ಲಿದ್ದ ಆಸನದ ಮೇಲೆ ಕುಳಿತರು. ಐದು ನಿಮಿಷ ಅಲ್ಲೇ ಕೂರುವುದು ಈ ಭೇಟಿಯ ಮೊದಲ ಹಂತ. ಬಿಸಿಲಿಗೂ ನೆರಳಿಗೂ ಇರುವ ವ್ಯತ್ಯಾಸ ಮೈಗೆ ತಿಳಿದ ಮೇಲೆ ಒಳಗಿನ ಕೋಣೆಗಳ ತಂಪಿಗೆ ಕಾರಣ ಕೇಳಬೇಕಾಗುವುದಿಲ್ಲ.

ಒಳಗೆ, ನಿಧಾನವಾಗಿ

ಇಲ್ಲಿರುವ ಕುರ್ಚಿ, ಮೇಜು, ಮಂಚಗಳು ಅಂದಿನ ದಾಖಲೆಗಳನ್ನು ಆಧರಿಸಿ ಹೊಸದಾಗಿ ಮಾಡಿಸಿದ ಪ್ರತಿಕೃತಿಗಳು. ಕುಟುಂಬದ ಅಸಲಿ ವಸ್ತುಗಳು ಬಹುಪಾಲು ಕ್ಯಾಮ್ಡೆನ್ ಪಾರ್ಕ್ ಎಂಬ ಅವರ ಇನ್ನೊಂದು ಎಸ್ಟೇಟಿನಲ್ಲಿ ವಂಶಸ್ಥರ ಬಳಿ ಉಳಿದವು. ಹೀಗೆ ಕೈಗೆ ಸಿಗದೆ ಹೋದ ವಸ್ತುಗಳ ಕೊರತೆಯನ್ನೇ ಸಂಸ್ಥೆ ಅನುಕೂಲವಾಗಿ ಮಾಡಿಕೊಂಡು, 1984ರಲ್ಲಿ ಸಂಗ್ರಹಾಲಯವಾಗಿ ತೆರೆದ ಮನೆಯಲ್ಲಿ ಹಗ್ಗ, ಗಾಜಿನ ಪೆಟ್ಟಿಗೆಗಳನ್ನು ದೂರವಿಟ್ಟಿದೆ. ಪ್ರತಿಕೃತಿಯಾದ್ದರಿಂದ ಮುಟ್ಟಲು ಹಿಂಜರಿಯಬೇಕಿಲ್ಲ; ಆದರೆ ಗೋಡೆಗಳೂ ಮರಗೆಲಸವೂ ಹಳೆಯವೆಂಬುದನ್ನು ಮಕ್ಕಳಿಗೆ ಬಾಗಿಲಲ್ಲೇ ಹೇಳಿಬಿಡಿ.

ಕೋಣೆಗೊಂದು ಕೆಲಸ ಹಚ್ಚಿಕೊಳ್ಳುವುದು ನನ್ನ ಪದ್ಧತಿ. ಬೈಠಕ್ಕಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು, ಅಲ್ಲಿಂದ ಯಾವ ಯಾವ ಬಾಗಿಲು ಕಾಣುತ್ತದೆ ಎಂದು ಎಣಿಸಿ. ಯಾರು ಬಂದರು, ಯಾರು ಹೋದರು ಎಂಬುದು ಮನೆಯೊಡತಿಗೆ ಎಲ್ಲಿ ಕುಳಿತರೆ ಗೊತ್ತಾಗುತ್ತಿತ್ತು ಎಂಬುದು ತಿಳಿಯುತ್ತದೆ. ಮಲಗುವ ಕೋಣೆಯಲ್ಲಿ ನನ್ನ ತಾಯಿ ಹಾಸಿಗೆಯನ್ನು ಅಂಗೈಯಿಂದ ಎರಡು ಸಲ ಒತ್ತಿ, ಹೊದಿಕೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ, “ಇದನ್ನು ಒಗೆಯುತ್ತಿದ್ದವರು ಯಾರು?” ಎಂದು ಕೇಳಿದರು. ಇಡೀ ಭೇಟಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು.

ಉತ್ತರ ಮನೆಯ ಹಿಂಭಾಗದಲ್ಲಿದೆ. ಬೆಂಕಿಯ ಭಯಕ್ಕೂ ಸೆಕೆಗೂ ಅಂಜಿ ಆ ಕಾಲದವರು ಅಡುಗೆಮನೆಯನ್ನು ಬೇರೆಯಾಗಿ ಕಟ್ಟುತ್ತಿದ್ದರು. ಒಲೆಯ ಮುಂದೆ ಬಗ್ಗಿ ನಿಂತು ಕಬ್ಬಿಣದ ಪಾತ್ರೆಯೊಂದನ್ನು ಎತ್ತಲು ಪ್ರಯತ್ನಿಸಿ. ಖಾಲಿ ಪಾತ್ರೆಯೇ ಇಷ್ಟು ಭಾರವಾದರೆ ನೀರು ತುಂಬಿದಾಗ ಹೇಗಿದ್ದೀತು ಎಂದು ಮಣಿಕಟ್ಟಿಗೆ ಅರ್ಥವಾಗುತ್ತದೆ. ಆ ಭಾರ ಹೊತ್ತವರಲ್ಲಿ ಹೆಚ್ಚಿನವರು ಬ್ರಿಟನ್ ಮತ್ತು ಐರ್ಲೆಂಡಿನಿಂದ ಶಿಕ್ಷೆಯಾಗಿ ಹಡಗಿನಲ್ಲಿ ಬಂದ ಕೈದಿಗಳು. ಬೈಠಕ್ಕಿನ ಕೋಣೆಗೆ ಕೊಟ್ಟಷ್ಟೇ ಹೊತ್ತನ್ನು ಅಡುಗೆಮನೆಗೂ ಕೊಡಬೇಕೆಂಬುದು ನನ್ನ ಹಟ.

ವಾಪಸು ದೊಡ್ಡ ಕೋಣೆಗಳಿಗೆ ಬಂದಾಗ ಇನ್ನೊಂದು ಸಂಗತಿ ನೆನಪಿರಲಿ. ಇಂದು ಕಾಣುವ ಸೊಗಸಿನ ಹೆಚ್ಚಿನ ಭಾಗ 1820ರ ದಶಕದ ಉತ್ತರಾರ್ಧದಲ್ಲಿ ಜಾನ್ ಮಾಡಿಸಿದ ಬದಲಾವಣೆ. ಕಟ್ಟಡದ ಹುಚ್ಚಿನ ಜೊತೆಯಲ್ಲೇ ಅವನ ಮನಸ್ಸಿನ ಸ್ಥಿಮಿತವೂ ತಪ್ಪುತ್ತಿತ್ತು. ಹೆಂಡತಿಯ ಮೇಲೆ ಇಲ್ಲಸಲ್ಲದ ಸಂಶಯಪಟ್ಟ. ತನ್ನ ಹೆಸರಿನ ಮನೆಯನ್ನೇ ಬಿಟ್ಟು ಅವಳು ಸ್ವಲ್ಪ ಕಾಲ ಬೇರೆಡೆ ಇರಬೇಕಾಯಿತು. 1832ರಲ್ಲಿ ಅವನನ್ನು ಬುದ್ಧಿಭ್ರಮಣೆಯಾದವನೆಂದು ಘೋಷಿಸಲಾಯಿತು. 1834ರಲ್ಲಿ ಕ್ಯಾಮ್ಡೆನ್‌ನಲ್ಲಿ ತೀರಿಕೊಂಡ. ಎಲಿಜಬೆತ್ 1850ರವರೆಗೆ ಬದುಕಿದ್ದಳು.

ತೋಟ, ಮತ್ತು ಮನೆಗಿಂತ ಹಳೆಯದು

ತೋಟದಲ್ಲಿ ಹಳೆಯ ಆಲಿವ್ ಮರವೊಂದಿದೆ. 1805ರಲ್ಲಿ ಮ್ಯಾಕಾರ್ಥರ್ ಇಂಗ್ಲೆಂಡಿನಿಂದ ತಂದದ್ದೆಂದು ಹೇಳುತ್ತಾರೆ. ಉಣ್ಣೆಗೆ ಹೆಸರಾದ ಮೆರಿನೊ ತಳಿಗಿಂತ ಮೊದಲು ಈ ಜಮೀನಿಗೆ ಬಂದ ಕುರಿಗಳು ಭಾರತದವು ಎಂಬುದು ಅಲ್ಲಿ ನಿಂತಾಗ ನನಗೆ ಪ್ರತಿ ಸಲವೂ ನೆನಪಾಗುತ್ತದೆ: 1794ರಲ್ಲಿ ಮ್ಯಾಕಾರ್ಥರ್ ಕೊಂಡದ್ದು ಕಲ್ಕತ್ತದಿಂದ ಬಂದ ಬಂಗಾಳದ ಹೆಣ್ಣುಕುರಿ ಮತ್ತು ಮರಿಗಳು ಸೇರಿ 60ರ ಹಿಂಡನ್ನು. ಅವುಗಳ ಮೈಮೇಲಿದ್ದುದು ಉಣ್ಣೆಗಿಂತ ಕೂದಲೇ ಹೆಚ್ಚು. ಐರ್ಲೆಂಡಿನ ಟಗರಿನೊಡನೆ ಕೂಡಿಸಿದಾಗ ಮರಿಗಳ ಮೈಯಲ್ಲಿ ಕೂದಲೂ ಉಣ್ಣೆಯೂ ಬೆರೆತು ಬಂದವು. ತಳಿ ಸುಧಾರಣೆಯ ಆಸೆ ಚಿಗುರಿದ್ದು ಅಲ್ಲಿಂದ.

ಈ ನೆಲ ಮಂಜೂರಾಗುವ ಮೊದಲು ಖಾಲಿ ಬಿದ್ದಿರಲಿಲ್ಲ. ಇದು ದರುಗ್ ಜನಾಂಗದ ಬರಮಟ್ಟಗಲ್ ಕುಲದವರ ಜಾಗ. ಪ್ಯಾರಮಟ್ಟಾ ಎಂಬ ಹೆಸರೂ ಅವರದೇ, ಹಾವುಮೀನುಗಳು ವಾಸಿಸುವ ತಾಣವೆಂದು ಅದರ ಅರ್ಥ. 1797ರಲ್ಲಿ ಪೆಮುಲ್ವಾಯ್‌ನ ನೇತೃತ್ವದಲ್ಲಿ ಮೂಲನಿವಾಸಿಗಳು ಪ್ಯಾರಮಟ್ಟಾದಲ್ಲಿ ಸೈನಿಕರನ್ನು ಎದುರಿಸಿದರು. ಕೂರಲು, ಮಲಗಲು ಕೊಡುವ ಮನೆಯಲ್ಲಿ ಈ ಕತೆಯನ್ನು ಕೈಯಿಂದ ಮುಟ್ಟುವುದು ಕಷ್ಟ. ಸಿಬ್ಬಂದಿಯನ್ನು ಕೇಳಿ, ಅವರು ಹೇಳುತ್ತಾರೆ.

ಇನ್ನೂ ಉತ್ಸಾಹವಿದ್ದರೆ

ಪ್ಯಾರಮಟ್ಟಾ ಪಾರ್ಕ್‌ನಲ್ಲಿರುವ ಓಲ್ಡ್ ಗವರ್ನಮೆಂಟ್ ಹೌಸ್ ಕನ್ನಡಿಗರು ನೋಡಲೇಬೇಕಾದ ಮನೆ. ಅದನ್ನು ವಿಸ್ತರಿಸಿದ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ, ಎಲಿಜಬೆತ್‌ಳ ಕೃಷಿಯ ಶ್ರಮವನ್ನು ಮೆಚ್ಚಿ 600 ಎಕರೆ ಭೂಮಿ ಕೊಟ್ಟವನು. ಅದಕ್ಕೂ ಮೊದಲು 1792 ಮತ್ತು 1799ರಲ್ಲಿ, ಎರಡೂ ಸಲ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೇನೆಯಲ್ಲಿದ್ದವನು. ಆದರೆ ಅಲ್ಲಿನ ಪೀಠೋಪಕರಣಗಳು ಅಸಲಿ ಪುರಾತನ ವಸ್ತುಗಳು, ಮುಟ್ಟುವಂತಿಲ್ಲ. ಮಕ್ಕಳಿದ್ದರೆ ಅದನ್ನು ಬೆಳಿಗ್ಗೆ ಮುಗಿಸಿ ಎಲಿಜಬೆತ್ ಫಾರ್ಮ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ತಿರುವುಮುರುವಾಗಿ ಹೋಗಿ, ಪ್ರತಿ ಕೋಣೆಯಲ್ಲೂ ಖಾನೆಗಳತ್ತ ಚಾಚುತ್ತಿದ್ದ ಮಗನ ಕೈಯನ್ನು ಹಿಡಿದು ಅವನ ಪ್ಯಾಂಟಿನ ಜೇಬಿಗೆ ಸೇರಿಸುತ್ತಲೇ ಇಡೀ ಮನೆ ಸುತ್ತಿದೆ.