ಐದು ಮನೆಯಿಂದ ಒಂದೂವರೆ ಮನೆಗೆ: ಪಕ್ಕವಾದ್ಯದ ಪಿಟೀಲು

ರಾಮನವಮಿ ಕಛೇರಿಗಳ ಕಾಲದಲ್ಲಿ ಬೆಂಗಳೂರು, ಮೈಸೂರಿನ ಪಿಟೀಲು ವಾದಕರು ಈ ಸಂಜೆ ಗಾಯಕಿಯೊಬ್ಬರ ಪಕ್ಕ, ಮರುಸಂಜೆ ಗಾಯಕರೊಬ್ಬರ ಪಕ್ಕ ಕೂರುವುದು ಮಾಮೂಲು. ಕರೆ ಬಂದರೆ ನಾನು ಮೊದಲು ಕೇಳುವುದು ಶ್ರುತಿ ಎಷ್ಟು ಅಂತ; ಸಂಭಾವನೆಯ ಮಾತು ಆಮೇಲೆ.

ಹೆಂಗಸರ ಶ್ರುತಿ ಸಾಮಾನ್ಯವಾಗಿ ಐದು, ಐದೂವರೆ ಮನೆ. (ಮನೆ ಅಂದರೆ ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆ; ಒಂದು ಅಂದರೆ ಸಿ, ಐದು ಅಂದರೆ ಜಿ.) ಪಿಟೀಲಿಗೆ ಇದು ಸುಖ. ಅಂಗಡಿಯ ತಂತಿಗಳು ಪಾಶ್ಚಾತ್ಯ ಸಂಗೀತದ ಜಿ, ಡಿ, ಎ, ಇ ಸ್ವರಗಳಿಗೆಂದು ತಯಾರಾದವು. ಐದು ಮನೆಗೆ ಜಿ ಮತ್ತು ಡಿ ತಂತಿ ಇದ್ದ ಹಾಗೇ ಮಂದ್ರ ಷಡ್ಜ, ಮಂದ್ರ ಪಂಚಮ ಆಗುತ್ತವೆ. ಎ ಮತ್ತು ಇ ತಂತಿಗಳನ್ನು ಎರಡೆರಡು ಅರ್ಧಸ್ವರ ಇಳಿಸಿದರೆ ಮಧ್ಯ ಷಡ್ಜ, ಮಧ್ಯ ಪಂಚಮ ಸಿಕ್ಕಿತು. ಗಂಡಸರ ಒಂದು, ಒಂದೂವರೆ ಮನೆಗೆ ಬಂದಾಗ ನಾಲ್ಕೂ ತಂತಿ ತುಂಬಾ ಕೆಳಗಿಳಿಯಬೇಕು. ಆಗ ಅದೇ ತಂತಿ ಸಡಿಲವಾಗಿ ಬಡಿದುಕೊಳ್ಳುತ್ತದೆ. ಕಮಾನು ಸ್ವಲ್ಪ ಒತ್ತಿದರೂ ಸ್ವರ ಮೇಲಕ್ಕೆ ಜಿಗಿಯುತ್ತದೆ. ತೋಡಿಯ ಗಾಂಧಾರವನ್ನು ರಿಷಭದಿಂದ ಮಧ್ಯಮದ ಕಡೆಗೆ ತೂಗುವಾಗ ಬೆರಳು ಸರಿಯಾದ ಜಾಗದಲ್ಲೇ ಇದ್ದರೂ ಕಿವಿಗೆ ಅಪಸ್ವರ. ಎಳೆಯರು ಬೆರಳನ್ನು ಬೈದುಕೊಳ್ಳುತ್ತಾರೆ, ತಪ್ಪು ತಂತಿಯದು.

ನಾನು ಎರಡು ವಾದ್ಯ ಇಟ್ಟುಕೊಂಡಿದ್ದೇನೆ. ತಗ್ಗು ಶ್ರುತಿಯದಕ್ಕೆ ದಪ್ಪ ತಂತಿ. ಒಂದೇ ವಾದ್ಯ ಇರುವವರು ಕಛೇರಿಯ ಹಿಂದಿನ ದಿನವೇ ಶ್ರುತಿ ಬದಲಿಸಬೇಕು, ಯಾಕೆಂದರೆ ಎಳೆತ ಬದಲಾದ ತಂತಿ ಹಲವು ಗಂಟೆ ಜಾರುತ್ತಲೇ ಇರುತ್ತದೆ. ತಂತಿ ಹೊಸದು ಹಾಕುವುದಿದ್ದರೆ ಒಂದೊಂದಾಗಿ ಬಿಚ್ಚಿ ಹಾಕಿ. ನಾಲ್ಕೂ ಒಟ್ಟಿಗೆ ತೆಗೆದರೆ ಒಳಗೆ ನಿಲ್ಲಿಸಿರುವ ಸಣ್ಣ ಮರದ ಕಡ್ಡಿ, ಸೌಂಡ್ ಪೋಸ್ಟ್, ಬಿದ್ದೀತು. ಅದನ್ನು ಮತ್ತೆ ನಿಲ್ಲಿಸಲು ರಿಪೇರಿಯವರೇ ಬೇಕು. ಬಿರಡೆ ತಿರುಗಿಸಿ ಬಿಗಿ ಮಾಡುತ್ತಿದ್ದಂತೆ ಕುದುರೆ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು, ಬೆರಳುಹಲಗೆಯ ಕಡೆಗೆ ವಾಲುತ್ತದೆ. ಅದರ ಹಿಂಬದಿ, ಅಂದರೆ ತಂತಿಗಳ ಕೆಳತುದಿ ಸಿಕ್ಕಿಸಿರುವ ಟೇಲ್‌ಪೀಸ್ ಕಡೆಯ ಮುಖ, ವಾದ್ಯದ ಮೇಲುಹಲಗೆಗೆ ನೇರವಾಗಿ ನಿಂತಿದೆಯೇ ನೋಡಿ ಎರಡೂ ಕೈಯಿಂದ ಮೆಲ್ಲಗೆ ಸರಿಪಡಿಸಬೇಕು. ಕುದುರೆಯ ಮೇಲೆ ತಂತಿ ಕೂರುವ ಗೀರುಗಳಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ತಂತಿ ಸರಾಗವಾಗಿ ಜಾರಿ ವಾಲುವಿಕೆ ಕಡಿಮೆಯಾಗುತ್ತದೆ. ಬೇಸಿಗೆಯ ಒಣಹವೆಯಲ್ಲಿ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಜಾರುವುದಕ್ಕೆ ಸೀಮೆಸುಣ್ಣ ಸಾಕು.

ಟಿ. ಚೌಡಯ್ಯನವರು ಮೈಕ್ ಇಲ್ಲದ ಸಭೆಗಳಿಗೆ ನಾದ ಸಾಲದೆಂದು ಮೂರು ತಂತಿ ಹೆಚ್ಚಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಏಳನ್ನೂ ಶ್ರುತಿಯಲ್ಲಿ ನಿಲ್ಲಿಸುವ ಕಷ್ಟ ನೆನೆದರೇ ನನಗೆ ಸುಸ್ತು.

ವೇದಿಕೆಯಲ್ಲಿ ಮೈಕನ್ನು ವಾದ್ಯದ ರಂಧ್ರಗಳಿಂದ ಒಂದು ಗೇಣು ದೂರ ಇಡಿಸುತ್ತೇನೆ. ಮಾನಿಟರ್‌ನಲ್ಲಿ ತಂಬೂರಿ ಮತ್ತು ಗಾಯಕರ ದನಿ ಕೇಳಿದರೆ ಸಾಕು. ನನ್ನ ಪಿಟೀಲೇ ಜೋರಾಗಿ ಕೇಳಿಸಿದರೆ ಗಾಯಕರ ಸಂಗತಿ ತಪ್ಪಿಹೋಗುತ್ತದೆ.

ಆಲಾಪನೆಯಲ್ಲಿ ಗಾಯಕರು ಹಾಡಿದ್ದನ್ನೆಲ್ಲ ಹಿಂದೆಯೇ ನುಡಿಸಬೇಕೆಂಬ ಆಸೆ ಬಿಡಬೇಕು. ಒಂದು ಸಂಚಾರ ಹಿಂದಿದ್ದು, ಅವರು ನಿಂತ ಸ್ವರವನ್ನು ತೆಳು ಕಮಾನಿನಲ್ಲಿ ಹಿಡಿದುಕೊಂಡರೆ ಅವರ ಉಸಿರಿನ ಬಿಡುವು ತುಂಬುತ್ತದೆ. ವೇಗದ ಸ್ವರಗುಚ್ಛಗಳಾದ ಬಿರ್ಕಾಗಳನ್ನು ಬೆನ್ನಟ್ಟಿದರೆ ಇಬ್ಬರದೂ ಕಲಸಿಹೋಗುತ್ತದೆ. ನಮ್ಮ ಸರದಿ ಬಂದಾಗ ಅವರು ಹತ್ತು ನಿಮಿಷ ಹಾಡಿದ್ದರೆ ನಮಗೆ ಐದಾರು ನಿಮಿಷ ಧಾರಾಳ. ಅವರು ತಾರಸ್ಥಾಯಿಯಲ್ಲಿ ಮುಗಿಸಿದ್ದರೆ ನಾನು ಮಧ್ಯಸ್ಥಾಯಿಯಿಂದಲೇ ಎತ್ತಿಕೊಳ್ಳುತ್ತೇನೆ. ಅಲ್ಲೇ ಮೇಲೆ ಶುರು ಮಾಡಿದರೆ ಏರಲು ಜಾಗ ಉಳಿಯುವುದಿಲ್ಲ.

ಕಲ್ಪನಾಸ್ವರದಲ್ಲಿ, ಅಂದರೆ ಆಶುವಾಗಿ ಸ್ವರ ಹಾಡುವಾಗ, ಅಪಾಯ ಇರುವುದು ಎಡುಪಿನಲ್ಲಿ, ಅಂದರೆ ತಾಳದಲ್ಲಿ ಸಾಲು ಎತ್ತುವ ಜಾಗದಲ್ಲಿ. ಆದಿತಾಳದ ಕೃತಿ ಸಮದಿಂದ (ತಾಳದ ಮೊದಲ ಪೆಟ್ಟಿನಿಂದ) ಅರ್ಧ ಅಕ್ಷರ (ತಾಳದ ಅರ್ಧ ಎಣಿಕೆ) ಬಿಟ್ಟು ಎತ್ತುವುದಾದರೆ, ಸ್ವರ ಶುರುವಾಗುವ ಮೊದಲೇ, ಗಾಯಕರು ಸಾಲನ್ನು ಹಾಡುವಾಗ, ತೊಡೆಯ ಮೇಲಿನ ತಾಳ ನೋಡಿ ಆ ಜಾಗ ಗಟ್ಟಿ ಮಾಡಿಕೊಳ್ಳಬೇಕು. ಅವರು ಒಂದು ಆವರ್ತನ (ತಾಳದ ಒಂದು ಸುತ್ತು) ಹಾಡಿದರೆ ಒಂದೇ, ಅರ್ಧಕ್ಕೆ ಇಳಿಸಿದರೆ ಅರ್ಧವೇ. ಹೀಗೆ ಸರದಿಯನ್ನು ಕಿರಿದಾಗಿಸುತ್ತಾ ಹೋಗುವ ಕುರೈಪ್ಪಿನಲ್ಲಿ ಅವರು ಯಾವ ಸ್ವರದಲ್ಲಿ ನಿಲ್ಲುತ್ತಾರೋ ಅದೇ ಸ್ವರಕ್ಕೆ ಬಂದು ಸೇರಬೇಕು. ಕಷ್ಟದ ಲೆಕ್ಕ ಬಂದಾಗ ಅರ್ಥವಾಗದಿದ್ದರೆ ಅದನ್ನು ಊಹಿಸಿ ನುಡಿಸಬೇಡಿ. ಅಷ್ಟೇ ಅಕ್ಷರಕ್ಕೆ ಸರಳ ಸ್ವರ ತುಂಬಿ ಎಡುಪಿಗೆ ಸರಿಯಾಗಿ ಬನ್ನಿ. ಮೃದಂಗದವರಿಗೆ ಅದೇ ಬೇಕು.

ಗೊತ್ತಿಲ್ಲದ ಕೃತಿ ಬಂದರೆ ಪಲ್ಲವಿಯ ಮೊದಲ ಸಾಲು ಮುಗಿಯುವ ತನಕ ನಿಂತ ಸ್ವರಗಳನ್ನಷ್ಟೇ ಮುಟ್ಟುತ್ತೇನೆ. ಎರಡನೇ ಸಲಕ್ಕೆ ಸಾಲು ಕೈಗೆ ಬರುತ್ತದೆ. ಕೊನೆಯ ದೇವರನಾಮಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದಾಸರ ಪದಗಳಿಗೆ ಒಬ್ಬೊಬ್ಬರದು ಒಂದೊಂದು ರಾಗ, ಒಂದೊಂದು ಮಟ್ಟು. ಹೋದ ವಾರ ಒಬ್ಬರ ಜೊತೆ ನುಡಿಸಿದ ಪದ ಈ ವಾರ ಇನ್ನೊಬ್ಬರ ಬಾಯಲ್ಲಿ ಬೇರೆ ರಾಗದಲ್ಲಿ ಬಂದೀತು. ಅವರು ಬಾಯಿ ತೆರೆಯುವ ತನಕ ಕಮಾನು ತಂತಿಯ ಮೇಲಿರಲಿ, ಎಳೆಯಬೇಡಿ.