ಗೋದಾಮಿನ ಹಾಡು, ರೆಸಾರ್ಟಿನ ರೇಟು

ಕೊಡಗಿನಲ್ಲಿ ಗಿಟಾರ್ ಹಿಡಿದವನಿಗೆ ಸಂಪಾದನೆ ಇರುವುದು ರೆಸಾರ್ಟಿನಲ್ಲಿ. ಶನಿವಾರ ರಾತ್ರಿ, ಬೆಂಕಿ ಸುತ್ತ ಕೂತ ಬೆಂಗಳೂರಿನವರು, ಎಲ್ಲರಿಗೂ ಬಾಯಿಪಾಠ ಆಗಿರುವ ಹಿಂದಿ ಹಾಡು. ನಾವೇ ಕಟ್ಟಿದ ಮೆಟಲ್ ಹಾಡಿಗೆ, ಅಂದರೆ ಅಬ್ಬರದ ರಾಕ್ ಹಾಡಿಗೆ, ಅಲ್ಲಿ ಜಾಗ ಇಲ್ಲ. ಅದಕ್ಕೇ ಸಿದ್ದಾಪುರದ ಹತ್ತಿರ ಗೆಳೆಯನೊಬ್ಬನ ಕಾಫಿ ಗೋದಾಮಿನಲ್ಲಿ ಶೋ ಮಾಡಲು ಶುರು ಮಾಡಿದೆವು.

ಗೋದಾಮು ಬೇಕೆಂದಾಗ ಸಿಗುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಒಣಗಿಸುವ ಕೆಲಸ. ಕೇಳಲು ಬರುವ ಹುಡುಗರಿಗೂ ಆಗ ಪುರುಸೊತ್ತಿಲ್ಲ. ಜೂನ್‌ನಿಂದ ಮಳೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆ ಎದುರು ಯಾವ ಆಂಪ್ಲಿಫೈಯರ್ ನಿಲ್ಲುತ್ತೆ ಹೇಳಿ? ಕರೆಂಟೂ ಕೈಕೊಡುತ್ತದೆ. ಉಳಿಯುವುದು ಏಪ್ರಿಲ್, ಮೇ, ಮತ್ತೆ ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಮುಗಿದು ಸುಗ್ಗಿ ಹಬ್ಬ ಪುತ್ತರಿ ಬರುವ ತನಕ.

ಒಳಗೆ ಡ್ರಮ್ ಹೊಡೆದರೆ ಸದ್ದು ಗೋಡೆಗೆ ಬಡಿದು ಎಲ್ಲ ಕಲಸಿಹೋಗುತ್ತಿತ್ತು. ಖಾಲಿ ಗೋಣಿಚೀಲಗಳನ್ನು ಎರಡೆರಡು ಪದರ ಮಾಡಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆವು. ಗೋಡೆಗೇ ಅಂಟಿಸಿದರೆ ಅಷ್ಟು ಪ್ರಯೋಜನ ಇಲ್ಲ, ಹಿಂದೆ ಗಾಳಿಗೆ ಜಾಗ ಇರಬೇಕು. ಗಿಟಾರಿನ ಚೀರಾಟ ತಗ್ಗಿತು. ಬೇಸ್ ಗುಡುಗು ಮಾತ್ರ ತೆಳು ಚೀಲಕ್ಕೆ ಬಗ್ಗುವುದಿಲ್ಲ, ಅದರ ವಾಲ್ಯೂಮನ್ನೇ ಇಳಿಸಿದೆವು. ಶೋ ಬೆಳಿಗ್ಗೆ ಹನ್ನೊಂದಕ್ಕೆ ಶುರು, ಸಂಜೆ ಐದಕ್ಕೆ ಬಂದ್. ನಿಯಮದ ಪ್ರಕಾರ ಅನುಮತಿ ಇದ್ದರೆ ರಾತ್ರಿ ಹತ್ತರ ತನಕ ಮೈಕ್ ಹಾಕಬಹುದು. ಆದರೆ ಕತ್ತಲಾದ ಮೇಲೆ ತೋಟದ ರಸ್ತೆಗೆ ಆನೆ ಇಳಿಯುತ್ತವೆ, ಬೈಕಿನಲ್ಲಿ ಬಂದವರು ಮನೆ ಸೇರಬೇಕಲ್ವಾ?

ಟಿಕೆಟ್ ನೂರು ರೂಪಾಯಿ, ಏರಿಸಿಲ್ಲ. ಇದು ನಮ್ಮ ಸ್ವಂತ ಬುದ್ಧಿಯಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿದ ಫುಗಾಜಿ ಎಂಬ ಬ್ಯಾಂಡು ಹೆಸರು ಬಂದ ಮೇಲೂ ಐದು ಡಾಲರ್ ಆಸುಪಾಸಿನಲ್ಲೇ ಟಿಕೆಟ್ ಮಾರುತ್ತಿತ್ತು, ಯಾವ ವಯಸ್ಸಿನವರಿಗೂ ಬಾಗಿಲು ತೆರೆದಿತ್ತು. ಅದೇ ಕಾಲದ ನಿರ್ವಾಣ ಬ್ಯಾಂಡು ಸುಮಾರು 600 ಡಾಲರ್‌ನಲ್ಲಿ ಮೊದಲ ಆಲ್ಬಂ ಮುಗಿಸಿ, ಆಮೇಲೆ ದೊಡ್ಡ ರೆಕಾರ್ಡ್ ಕಂಪನಿಗೆ ಹೋಗಿ 1992ರ ಜನವರಿಯಲ್ಲಿ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಬ್ಬರಲ್ಲಿ ಯಾರ ದಾರಿ ಸರಿ ಅಂತ ನಮ್ಮ ಹುಡುಗರು ಇವತ್ತಿಗೂ ಜಗಳ ಆಡುತ್ತಾರೆ.

ನನ್ನ ಪ್ರಕಾರ ಜಗಳ ಬೇರೆ ಕಡೆ ಇದೆ. ರೆಸಾರ್ಟಿಗೆ ಹೋಗುವವರನ್ನು 'ಮಾರಿಕೊಂಡರು' ಅಂತ ಜೋರಾಗಿ ಬೈಯುವವರೆಲ್ಲ ತೋಟ ಇದ್ದವರು. ನಮ್ಮ ಡ್ರಮ್ಮರ್ ಕುಶಾಲನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. "ಅಣ್ಣ, ನಿಮಗೆ ತೋಟದ ಕರಿಮೆಣಸಿನ ದುಡ್ಡು ಬರುತ್ತೆ, ನನಗೇನು ಬರುತ್ತೆ?" ಅಂತ ಒಮ್ಮೆ ಕೇಳಿದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಲ್ಲಿನ ಮದುವೆಗಳಲ್ಲಿ ವಾಲಗದವರು ದುಡ್ಡು ತಗೊಂಡೇ ನುಡಿಸುತ್ತಾರೆ. ಅವರನ್ನು ಯಾರಾದರೂ ಹಾಗೆ ಅಂದಿದ್ದಾರಾ?

ಆವತ್ತಿನಿಂದ ಎರಡು ಹೆಸರು ಇಟ್ಟುಕೊಂಡಿದ್ದೇವೆ. ರೆಸಾರ್ಟಿಗೆ ಒಂದು, ಗೋದಾಮಿಗೆ ಒಂದು. ರೆಸಾರ್ಟಿನ ದುಡ್ಡಿನಲ್ಲಿ ಮೊದಲ ಪಾಲು ಡ್ರಮ್ಮರ್‌ಗೆ, ಉಳಿದದ್ದರಲ್ಲಿ ಜನರೇಟರ್ ಬಾಡಿಗೆ, ಡೀಸೆಲ್. ಗೇಟಿನಲ್ಲಿ ಬಂದ ಹಣ ಹೊರ ಊರಿಂದ ಬಂದ ಬ್ಯಾಂಡಿಗೆ. ಈ ಲೆಕ್ಕವನ್ನು ಗೋದಾಮಿನ ಬಾಗಿಲಿಗೆ ಅಂಟಿಸುತ್ತೇವೆ, ಸುಮ್ನೆ ಗುಸುಗುಸು ಯಾಕೆ?

ಪ್ರಾಯೋಜಕರೂ ಬಂದರು. ಹೆಂಡದ ಕಂಪನಿಯೊಂದು ಸೋಡಾದ ಹೆಸರಿನಲ್ಲಿ ಬ್ಯಾನರ್ ಕಟ್ಟುತ್ತೇವೆ ಅಂದಿತು. ದುಡ್ಡು ಚೆನ್ನಾಗಿಯೇ ಇತ್ತು. ಆದರೆ ಯಾರು ಮೊದಲು ನುಡಿಸಬೇಕು ಅಂತ ಅವರೇ ಹೇಳುತ್ತಾರಂತೆ, ಶಾಲೆ ಹುಡುಗರನ್ನು ಒಳಗೆ ಬಿಡಬಾರದಂತೆ. ನಮ್ಮ ಶೋಗೆ ಬರುವವರಲ್ಲಿ ಆ ಹುಡುಗರೇ ಜಾಸ್ತಿ. ಬೇಡ ಅಂದೆವು.

ಈಗ ಹೊಸ ಆಟ ಶುರುವಾಗಿದೆ. ರೆಸಾರ್ಟೊಂದು 'ಅಂಡರ್‌ಗ್ರೌಂಡ್ ನೈಟ್', ಅಂದರೆ ನಮ್ಮಂಥ ಗೋದಾಮು ಬ್ಯಾಂಡುಗಳ ರಾತ್ರಿ, ಮಾಡಬೇಕಂತೆ. ನಮ್ಮ ಗೋದಾಮಿನ ಹೆಸರು ಬೇಕು, ವೇದಿಕೆ ಹಿಂದೆ ಗೋಣಿಚೀಲವೂ ಬೇಕು, ಹಾಡು ಮಾತ್ರ ಸ್ವಲ್ಪ ಮೆತ್ತಗಿರಬೇಕು. ಹೆಸರು ಕೊಡುವುದಿಲ್ಲ, ಹಿಂದಿ ಹಾಡು ಬೇಕಾದರೆ ಬರುತ್ತೇವೆ, ಆದರೆ ರೇಟು ಏರಿದೆ ಅಂತ ತಿಳಿಸಿದ್ದೇವೆ. ಚೀಲವನ್ನು ಅವರೇ ಕೊಂಡುಕೊಳ್ಳಲಿ.