ಒಂಬತ್ತನೇ ತರಗತಿಯಲ್ಲೇ ಮುಂದಿನ ಓದಿನ ಹಾಳೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪಿಯುಸಿಗೆ ಕಾಂಬಿನೇಷನ್ (ವಿಷಯಗಳ ಜೋಡಣೆ) ಹುಡುಕಹೊರಟರೆ ಅಕ್ಕಪಕ್ಕದವರ ಮಾತೇ ತೀರ್ಮಾನವಾಗಿಬಿಡುತ್ತದೆ. ಹಾಗಾಗಿ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಕೆಲಸವನ್ನು ಒಂಬತ್ತನೇ ತರಗತಿಯ ಜೂನ್‌ನಲ್ಲೇ ಹಿಡಿಯುತ್ತೇನೆ.

ಪ್ರತಿ ಮಗುವಿಗೂ ಒಂದು ಹಾಳೆ. ತುದಿಯಲ್ಲಿ ಬಯಸುವ ಕೆಲಸ. ಅಲ್ಲಿಂದ ಹಿಂದಕ್ಕೆ ಪದವಿ, ಪ್ರವೇಶ ಪರೀಕ್ಷೆ, ಪಿಯುಸಿ ವಿಷಯಗಳು. ಎಂಜಿನಿಯರಿಂಗ್‌ಗೆ ಗಣಿತ ಬೇಕೇಬೇಕು, ವೈದ್ಯಕೀಯ ಪ್ರವೇಶದ ನೀಟ್‌ಗೆ ಜೀವಶಾಸ್ತ್ರ. ಎರಡರ ನಡುವೆ ತೂಗುವವರಿಗೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ದಾರಿ ತೆರೆದಿಡುತ್ತದೆ, ಆದರೆ ಹೊರೆ ದೊಡ್ಡದು. ಒಂಬತ್ತರ ಬಹುಪದೋಕ್ತಿ, ನಿರ್ದೇಶಾಂಕ ರೇಖಾಗಣಿತ ಗಟ್ಟಿಯಿಲ್ಲದವರಿಗೆ ಪಿಯುಸಿಯಲ್ಲಿ ಭೌತಶಾಸ್ತ್ರವೂ ಕೈಕೊಡುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಅಂಕ ಅರ್ಧ, ಪಿಯುಸಿ ಅಂಕ ಇನ್ನರ್ಧ. ಕೋಚಿಂಗ್ ಒಂದನ್ನೇ ನಂಬಿದವರು ಇದನ್ನು ಮರೆಯುತ್ತಾರೆ.

ಹಾಳೆಯಲ್ಲಿ ಎರಡನೇ ದಾರಿಯನ್ನೂ ಬರೆಸದೆ ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಗಳಿಗೆ ಇದು ಪಿಯುಸಿಗಿಂತ ಒಳ್ಳೆಯ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಚ್ಚು ಮಕ್ಕಳು ಎಡವುವುದು ಕಾಗದಪತ್ರಗಳಲ್ಲಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. 1ರಿಂದ 10ರವರೆಗೆ ಪೂರ್ತಿ ಮೊದಲನೆಯದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಿದರೆ ಕನ್ನಡ ಮಾಧ್ಯಮದ ಸೀಟು ಅಲ್ಲಿಗೇ ಹೋಯಿತು. ಪೋಷಕರಿಗೆ ಇದನ್ನು ಏಳನೇ ತರಗತಿಯಲ್ಲೇ ಹೇಳಬೇಕು. ಶಾಲೆ ಬದಲಿಸಿದ ಮಕ್ಕಳು ಹಿಂದಿನ ಶಾಲೆಗಳ ವ್ಯಾಸಂಗ ದಾಖಲೆಯನ್ನು ಈಗಲೇ ತಂದಿಟ್ಟುಕೊಳ್ಳಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಗೆ ಕೊನೆಗಳಿಗೆಯಲ್ಲಿ ಅಲೆಯುವುದು ತಪ್ಪುತ್ತದೆ.

ಇನ್ನು ಹೆಸರು. ಆಧಾರ್‌ನಲ್ಲಿ ‘ಮಂಜುನಾಥ ಬಿ’, ಶಾಲಾ ದಾಖಲೆಯಲ್ಲಿ ‘ಮಂಜುನಾಥ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುನಾಥ್ ಬಸಪ್ಪ’ ಎಂದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಕೊಳ್ಳುತ್ತದೆ. ಮೂರನ್ನೂ ಅಕ್ಕಪಕ್ಕ ಇಟ್ಟು ಇನಿಷಿಯಲ್, ಒತ್ತು, ಹುಟ್ಟಿದ ದಿನಾಂಕವನ್ನು ಅಕ್ಷರಕ್ಕಕ್ಷರ ತಾಳೆ ನೋಡುತ್ತೇನೆ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ತಿದ್ದುವುದು ಸುಲಭ, ಅಂಕಪಟ್ಟಿ ಮುದ್ರಣವಾದ ಮೇಲೆ ಬಲು ಕಷ್ಟ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮಾಡಿಸಿ, ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಹಾಳೆಯ ಹಿಂಬದಿಗೆ ಬರೆಸುತ್ತೇನೆ. ಸಿಇಟಿ ಅರ್ಜಿಯಲ್ಲಿ ಕೇಳುವುದು ಅದನ್ನೇ.

ಎಂಟನೇ ತರಗತಿಯವರಿಗೆ ಕೇಂದ್ರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆಸಲೇಬೇಕು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಿದೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಪಠ್ಯವಿಷಯಕ್ಕೆ 90. ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಏಕೆಂದರೆ ಸರಣಿ, ಸಂಕೇತ, ಆಕೃತಿಗಳ ಲೆಕ್ಕ ಪಠ್ಯದಲ್ಲಿಲ್ಲ. ಜುಲೈನಿಂದ ದಿನಕ್ಕೆ ಹತ್ತು ಪ್ರಶ್ನೆ ಬಿಡಿಸಿದರೆ ಕೈ ಕೂಡುತ್ತದೆ. ಹಣ ಬರುತ್ತಿರಬೇಕೆಂದರೆ ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು.